ತಲೆಯಾಡಿಸಿದರೆ ಸಾಕು

ಮಂದಾರಳಿಗೆ ನಾನು ಮಾತು ಕೊಟ್ಟದ್ದು ಅವಳಿನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲದಲ್ಲಿ. ನಮ್ಮೂರಿನಲ್ಲಿ ಮಕ್ಕಳು ನಾಲ್ಕನೇ ತರಗತಿ ದಾಟುವಾಗ ಶಾಲೆಯ ಹಾಲಿನಲ್ಲಿ ಗುಣ ಹೇಳೋ ದಿನ ಅಂತ ಮಾಡುತ್ತಾರೆ. ಅಪ್ಪನೋ ಅಮ್ಮನೋ ಮಗುವಿನ ತಲೆಯ ಮೇಲೆ ಕೈಯಿಟ್ಟು ನಿಂತು, ಬೇರೆ ಯಾರಿಗೂ ಗೊತ್ತಿಲ್ಲದ ಅದರ ಒಂದು ಒಳ್ಳೆಯ ಗುಣವನ್ನು ಎಲ್ಲರೆದುರು ಹೇಳಬೇಕು. ಮಾರ್ಕ್ಸು, ಬಹುಮಾನ, ಚೆನ್ನಾಗಿ ಹಾಡುತ್ತಾಳೆ ಎಂಬುದೆಲ್ಲ ಲೆಕ್ಕಕ್ಕಿಲ್ಲ. ಅವು ಊರಿಗೇ ಗೊತ್ತಿರುವ ಸಂಗತಿಗಳು. ಆ ವರ್ಷ ನಮ್ಮ ಬೀದಿಯ ಒಬ್ಬ ಹುಡುಗಿಯ ಸರದಿ ಇತ್ತು. ಅವಳಪ್ಪ ಗಂಟಲು ಸರಿಮಾಡಿಕೊಂಡು, “ಇವ್ಳು ಸೀದ ರೊಟ್ಟಿ ತಾನು ತಗೊಂಡು ಒಳ್ಳೇದನ್ನ ತಮ್ಮಂಗೆ ಕೊಡ್ತಾಳೆ. ಕೇಳಿದ್ರೆ ನಂಗೆ ಸೀದದ್ದೇ ಇಷ್ಟ ಅಂತ ಸುಳ್ಳು ಹೇಳ್ತಾಳೆ,” ಅಂದ. ಹಾಲಿನಲ್ಲಿದ್ದ ಹೆಂಗಸರೆಲ್ಲ ಮೂಗು ಒರೆಸಿಕೊಂಡರು. ನನ್ನ ತೊಡೆಯ ಮೇಲಿದ್ದ ಮಂದಾರ ತಿರುಗಿ ನನ್ನ ಗದ್ದ ಹಿಡಿದುಕೊಂಡಳು.

“ನಂಗೂ ಹೇಳ್ತೀಯಾ ಅಮ್ಮ?”

“ಹೇಳ್ತೀನಿ.”

“ಎಲ್ರ ಮುಂದೆ?”

“ಎಲ್ರ ಮುಂದೇನೇ.”

ಅಷ್ಟಕ್ಕೇ ಬಿಡಲಿಲ್ಲ. ಕೈ ಮೇಲೆ ಕೈ ಹಾಕಿಸಿಕೊಂಡಳು. ಅವಳಪ್ಪ ಹಡಗು ಕಂಪನಿಯಲ್ಲಿ ಅಡುಗೆಯವರು, ಊರಿಗೆ ಬರುವುದು ವರ್ಷಕ್ಕೊಮ್ಮೆ. ಹಾಗಾಗಿ ಹೇಳುವವಳು ನಾನೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವಳ ಸರದಿ ಬಂದ ವರ್ಷವೇ ಊರಿಗೆ ಹೊಸ ಅಪ್‌ಡೇಟ್ ಬಂತು. ಬೆಳಗ್ಗೆ ಎದ್ದಾಗ ಎಲ್ಲ ಮನೆಗಳ ಮೂಲೆಗಳೂ ದುಂಡಗಾಗಿದ್ದವು. ಎಡಗಡೆಯ ತುದಿಯಲ್ಲಿರುತ್ತಿದ್ದ ಬಾಗಿಲು ಗೋಡೆಯ ನಟ್ಟನಡುವೆ ಬಂದು ನಿಂತಿತ್ತು. ಹಾಲು ತರಲು ಹೊರಟ ಗಂಡಸರು ಹಳೆಯ ಜಾಗದಲ್ಲಿ ಗೋಡೆಗೆ ಹಣೆ ಬಡಿದುಕೊಂಡರು. ಅಡುಗೆಮನೆಯ ಗೂಡಿನಲ್ಲಿ ಉಪ್ಪು, ಸಕ್ಕರೆ, ಚಹಾಪುಡಿ ಬಿಟ್ಟರೆ ಮತ್ತೇನೂ ಕಾಣದು. ಸಾಸಿವೆ, ಜೀರಿಗೆ ಬೇಕಿದ್ದರೆ ಗೋಡೆಯ ಮೇಲಿನ ಮೂರು ಚುಕ್ಕಿಗಳನ್ನು ಒತ್ತಬೇಕು. ಆಗ ಇನ್ನೊಂದು ಗೂಡು ಹೊರಬರುತ್ತದೆ. ಎಣ್ಣೆ ಕಾದು ಹೊಗೆಯಾಡುವ ಹೊತ್ತಿನಲ್ಲಿ ಚುಕ್ಕಿ ಹುಡುಕುವುದಿದೆಯಲ್ಲ, ಅದರ ಕಷ್ಟ ಅನುಭವಿಸಿದವರಿಗೇ ಗೊತ್ತು. ಹಳೆಯದೇ ಚೆನ್ನಾಗಿತ್ತು ಎಂದು ಊರೆಲ್ಲ ಗೊಣಗಿತು. ಆದರೆ ಇದರ ಹಿಂದಿನ ಅಪ್‌ಡೇಟ್ ಬಂದಾಗಲೂ ಊರು ಹಾಗೆಯೇ ಗೊಣಗಿತ್ತು.

ಆ ಗೊಣಗಾಟ ಬಂದು ಬೀಳುವ ಜಾಗವೇ ನನ್ನ ಕೆಲಸ. ವಾರ್ಡ್ ಕಚೇರಿಯ ಹೊಂದಾಣಿಕೆ ಕೌಂಟರಿನಲ್ಲಿ ನಾನು ಕೂರುತ್ತೇನೆ. ಹೊಸದಕ್ಕೆ ಒಗ್ಗಿಕೊಳ್ಳಲಾಗದವರು ಬಂದು ಬೈಯುತ್ತಾರೆ, ನಾನು ಸಮಾಧಾನ ಹೇಳುತ್ತೇನೆ. ಸಂಜೆ ಮನೆಗೆ ಬಂದ ಮೇಲೆ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತೇನೆ, ಕುಚ್ಚು ಕಟ್ಟುತ್ತೇನೆ. ಅಪ್‌ಡೇಟ್ ಬಂದ ವಾರ ಮೊದಲು ಬಂದವನು ಕುಕ್ಕರ್ ರಿಪೇರಿಯ ಹಂಪಣ್ಣ.

“ಮೇಡಮ್ಮೋರೇ, ನಮ್ಮಪ್ಪನ ಕಾಲದ ಬೀರು. ಮೂಲೇಲಿತ್ತು. ಈಗ ಮೂಲೇನೇ ಇಲ್ಲ. ಬೀರು ಎಲ್ಲಿಡ್ಲಿ, ತಲೇ ಮೇಲಾ?”

“ಸ್ವಲ್ಪ ಮುಂದಕ್ಕೆ ಎಳ್ಕೊಳ್ಳಿ ಹಂಪಣ್ಣ.”

“ಎಳ್ಕೊಂಡೆ. ಈಗ ಹಿಂದ್ಗಡೆ ಬೆಕ್ಕು ಮರಿ ಹಾಕೈತೆ. ಅದುಕ್ಕೂ ನಿಮ್ತಾವೇ ಬರಬೇಕಾ, ಇಲ್ಲ ಬೇರೆ ಕೌಂಟರಾ?”

ನಗು ಬಂದರೂ ನಗಲಿಲ್ಲ. ಎದುರಿನ ಗೋಡೆಯ ಮೇಲೆ ಬೂದಿ ಬಣ್ಣದ ಅಕ್ಷರಗಳು ಮೂಡಿದ್ದವು: ‘ನಿಮಗಾದ ತೊಂದರೆ ನನಗೆ ಅರ್ಥವಾಗುತ್ತದೆ. ನಿಧಾನವಾಗಿ ಹೇಳಿ, ನಾನು ಕೇಳುತ್ತಿದ್ದೇನೆ.’

ಹೊಸ ಅಪ್‌ಡೇಟಿನ ದೊಡ್ಡ ಸಂಗತಿ ಇದೇ. ಜನ ಇದಕ್ಕೆ ಗೋಡೆಮಾತು ಎಂದು ಹೆಸರಿಟ್ಟರು. ಯಾರೆದುರಾದರೂ ಮಾತಾಡಲು ನೀವು ನಿಂತರೆ, ಆ ಮನುಷ್ಯನಿಗೆ ನೀವು ಸಾಮಾನ್ಯವಾಗಿ ಏನು ಹೇಳುತ್ತೀರೋ ಅದು ನೀವು ಬಾಯಿ ತೆರೆಯುವ ಮೊದಲೇ ಹತ್ತಿರದ ಗೋಡೆಯ ಮೇಲೆ ಬೂದು ಅಕ್ಷರಗಳಲ್ಲಿ ಕಾಣುತ್ತದೆ. ಸರಿಯೆನಿಸಿದರೆ ತಲೆಯಾಡಿಸಿದರೆ ಸಾಕು. ಗೋಡೆಯೇ ನಿಮ್ಮ ದನಿಯಲ್ಲಿ ಅದನ್ನು ಹೇಳಿಬಿಡುತ್ತದೆ. ಬೇಡವೆಂದರೆ ನಿಮ್ಮ ಮಾತು ನೀವು ಆಡಬಹುದು. ಆಗ ಬೂದು ಅಕ್ಷರ ತಾನಾಗಿ ಮಸುಕಾಗುತ್ತದೆ.

ದಿನವಿಡೀ ಬಾಯಿ ನೋಯಿಸಿಕೊಳ್ಳುವ ನನ್ನಂಥವರಿಗೆ ಅದು ದೇವರು ಕೊಟ್ಟ ವರವೇ ಆಯಿತು. ಬಸ್ಸಿನ ಕಂಡಕ್ಟರುಗಳು, ಅಂಗಡಿಯವರು, ಕೌಂಟರಿನ ನಾವೆಲ್ಲ ತಲೆಯಾಡಿಸುವುದನ್ನು ಕಲಿತೆವು. ಸಂಜೆಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ಗಂಟಲು ಮಾತ್ರ ಹಾಯಾಗಿರುತ್ತಿತ್ತು. ಯಾರು ಏನೇ ಕೇಳಲಿ, ಗೋಡೆ ನೋಡುವುದಕ್ಕೂ ಮೊದಲೇ ನನ್ನ ತಲೆ ಆಡುತ್ತಿತ್ತು.

ಮನೆಯಲ್ಲಿ ಗೋಡೆಮಾತು ಏನು ಬರೆಯುತ್ತದೆ ಎಂದು ನಾನು ಮೊದಮೊದಲು ನೋಡಲೇ ಇಲ್ಲ. ನೋಡಲು ಪುರುಸೊತ್ತು ಬೇಕಲ್ಲ. ನೋಡಿದವರು ಪಕ್ಕದ ಮನೆಯ ತುಂಗಜ್ಜಿ. ಮಂದಾರ ಶಾಲೆ ಬಿಟ್ಟು ಬಂದು ನನಗಾಗಿ ಕಾಯುವುದು ಅವರ ಜಗಲಿಯಲ್ಲೇ. ಒಂದು ಸಂಜೆ ಅವರು ಹುರಿಗಾಳು ಹಿಡಿದು ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನಾನು ಸೀರೆಯೊಂದರ ಅಂಚು ಹಿಡಿದು ಕುಚ್ಚು ಕಟ್ಟುತ್ತಿದ್ದೆ. ಮಂದಾರ ಒಳಗಿನಿಂದ ಓಡಿ ಬಂದು ಎದುರು ನಿಂತಳು. “ಅಮ್ಮ, ಹಲ್ಲಿ ನಿದ್ದೆ ಮಾಡೋವಾಗ ಯಾಕೆ ಬೀಳಲ್ಲ?”

ತುಂಗಜ್ಜಿಯ ಕೈ ಬಾಯಿಯ ಹತ್ತಿರವೇ ನಿಂತಿತು. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ನನ್ನ ತಲೆಯ ಹಿಂದಿನ ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದಿತ್ತು: ‘ಈಗಲ್ಲ. ಕೈಲಿ ಕೆಲಸ ಇರೋದು ಕಾಣಲ್ವಾ? ಆಚೆ ಹೋಗು.’

“ಇದು ಹಂಗೇ ಅಜ್ಜಿ, ಏನೇನೋ ಬರೆಯತ್ತೆ,” ಅಂದೆ.

“ಏನೇನೋ ಬರೆಯಲ್ಲ ಕಣೇ ಪಂಕಜಾ. ನಮ್ಮನೇಲೂ ಐತಲ್ಲ,” ಅಂದರು ತುಂಗಜ್ಜಿ. ಅಷ್ಟೇ. ಆಮೇಲೆ ಹುರಿಗಾಳಿನ ಮಾತಾಡಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು. ಮಂದಾರ ಅಷ್ಟರಲ್ಲೇ ಅಂಗಳಕ್ಕೆ ಹೋಗಿಯಾಗಿತ್ತು. ಗೋಡೆಯೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳು ಓದಿಕೊಂಡೇ ಹೋಗಿದ್ದಳು.

ಮರುದಿನ ಅಲ್ಲಿ ಕ್ಯಾಲೆಂಡರ್ ನೇತುಹಾಕಿದೆ. ಅಕ್ಷರ ಪಕ್ಕಕ್ಕೆ ಸರಿಯಿತು. ಊರಿನಲ್ಲಿ ಎಲ್ಲರೂ ಇಂಥದ್ದೇ ಉಪಾಯಗಳಲ್ಲಿ ಬಿದ್ದಿದ್ದರು. ಕೆಲವರು ಗೋಡೆಗೆ ಬೂದು ಬಣ್ಣವನ್ನೇ ಬಳಿಸಿದರು, ಅಕ್ಷರ ಕಪ್ಪಗಾಯಿತು. ಗಂಡ ಹೆಂಡಿರು ಜಗಳಕ್ಕೆ ಬಯಲಿಗೆ ಹೋಗುವುದು ರೂಢಿಯಾಯಿತು. ಅಲ್ಲಿ ಗೋಡೆಯಿಲ್ಲ, ಏನು ಬರುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ, ಜಗಳಕ್ಕೊಂದು ಹುರುಪು ಇರುತ್ತದೆ. ನನ್ನ ಕೌಂಟರಿಗೆ ಬಂದು ಇದನ್ನು ಆರಿಸುವುದು ಹೇಗೆ ಎಂದು ಕೇಳದವರಿಲ್ಲ. ಆರಿಸಲು ಬರುವುದಿಲ್ಲ ಎಂದು ತಲೆಯಾಡಿಸಿ ಹೇಳುತ್ತಿದ್ದೆ.

ಆಮೇಲೆ ಸಣ್ಣ ತಿದ್ದುಪಡಿಯೊಂದು ಬಂತು. ಊರಿನ ಎಲ್ಲ ಗೋಡೆಗಳಿಗೂ ಇನ್ನು ಮುಂದೆ ಒಂದೇ ನೆನಪು ಎಂದರು. ಅಂದರೇನೆಂದು ನನಗೆ ತಿಳಿದದ್ದು ಶಾಲೆ ಬೇಗ ಬಿಟ್ಟ ಒಂದು ಮಧ್ಯಾಹ್ನ. ಮಂದಾರ ನೇರ ಕಚೇರಿಗೆ ಬಂದಳು. ಗುಣ ಹೇಳೋ ದಿನದ ಚೀಟಿ ತೋರಿಸುವ ಆತುರ ಅವಳಿಗೆ. ಕೌಂಟರಿನ ಮುಂದೆ ಸಾಲು ನಿಂತಿತ್ತು, ಸಾಲಿನ ಮೊದಲಿಗೆ ಹಂಪಣ್ಣ. ಅವನಿಗೆ ನನ್ನ ಎಂದಿನ ಸಮಾಧಾನದ ಮಾತು ಮೂಡಿತ್ತು. ಮಂದಾರ ಅವನ ಪಕ್ಕದಲ್ಲಿ ತಲೆ ತೂರಿಸಿ “ಅಮ್ಮ” ಅಂದದ್ದೇ ತಡ, ಅದೇ ಗೋಡೆಯ ಮೇಲೆ, ಸಾಲಿಗೆ ಸಾಲೇ ಓದುವ ಹಾಗೆ, ಮನೆಯ ಮಾತು ಬಂದು ನಿಂತಿತು. ‘ಈಗಲ್ಲ. ಕೈಲಿ ಕೆಲಸ ಇರೋದು ಕಾಣಲ್ವಾ? ಆಚೆ ಹೋಗು.’

ಹಂಪಣ್ಣ ಬಗ್ಗಿ, “ಬಾರವ್ವ, ನನ್ ಮುಂದೆ ನಿಂತ್ಕೊ. ನಂದೇನು ಅರ್ಜೆಂಟಿಲ್ಲ, ಬೆಕ್ಕಿನ ಮರಿ ಇನ್ನೂ ಬೀರು ಹಿಂದ್ಗಡೇನೇ ಅವೆ,” ಅಂದ. ಚೀಟಿ ತೆಗೆದುಕೊಂಡೆ. ಅದರಲ್ಲಿ ಏನಿತ್ತೆಂದು ಓದಲಿಲ್ಲ. ತಲೆ ತಗ್ಗಿಸಿರಲು ಒಂದು ಕಾಗದ ಸಿಕ್ಕಿತಲ್ಲ ಎನಿಸಿತು.

ಅವತ್ತು ಮನೆಗೆ ನಡೆಯುವಾಗ ಮಂದಾರ ಕೇಳಿದಳು. “ಅಮ್ಮ, ನೀನು ಹಂಪಣ್ಣ ಮಾಮಂಗೆ ಹೇಳ್ತೀಯಲ್ಲ, ನಿಧಾನವಾಗಿ ಹೇಳಿ, ನಾನು ಕೇಳುತ್ತಿದ್ದೇನೆ ಅಂತ. ಅದನ್ನ ನಂಗೂ ಹೇಳ್ತೀಯಾ?”

“ಅದು ಆಫೀಸಿನ ಮಾತು ಕಣೇ.”

“ಇರ್ಲಿ. ಚೆನ್ನಾಗಿದೆ.”

ಅವಳು ದೂರಿದ್ದಲ್ಲ. ಪಕ್ಕದ ಮನೆಯವರ ಹಬ್ಬದಡುಗೆ ಚೆನ್ನಾಗಿತ್ತು ಎನ್ನುವ ಹಾಗೆ ಹೇಳಿದಳು. ಮನೆ ಮುಟ್ಟುವವರೆಗೆ ನನಗೆ ಅವಳ ಮುಖ ನೋಡಲಾಗಲಿಲ್ಲ.

ಗುಣ ಹೇಳೋ ದಿನ ಹತ್ತಿರ ಬಂತು. ಶಾಲೆಯ ಹಾಲಿಗೂ ಗೋಡೆಯಿದೆ. ಅದೂ ಎಂಥ ಗೋಡೆ, ಇಡೀ ಊರಿಗೇ ಕಾಣುವಂಥದ್ದು. ನಾಲ್ಕನೇ ತರಗತಿಯ ಅಪ್ಪ ಅಮ್ಮಂದಿರಿಗೆಲ್ಲ ಒಂದೇ ಹೆದರಿಕೆ ಹಿಡಿಯಿತು. ಮಕ್ಕಳೊಂದಿಗೆ ಈಗಿನಿಂದಲೇ ಸಿಹಿಯಾಗಿ ಮಾತಾಡಿದರೆ ಗೋಡೆ ಅದನ್ನೇ ಕಲಿಯುತ್ತದೆ ಎಂದು ಯಾರೋ ಹೇಳಿದರು. ಆ ತಿಂಗಳು ನಮ್ಮ ಬೀದಿಯಲ್ಲಿ ಬೆಳಗ್ಗೆಯಿಂದ ಬರೀ ಚಿನ್ನ, ರನ್ನ, ಬಂಗಾರ. ಹೋಂವರ್ಕ್ ಮಾಡದವನಿಗೂ ಬಂಗಾರ, ಹಾಲು ಚೆಲ್ಲಿದವಳಿಗೂ ರನ್ನ. ಮಕ್ಕಳು ತಬ್ಬಿಬ್ಬಾದವು. ತಮಗೇನೋ ಕಾಯಿಲೆ ಬಂದಿದೆ, ದೊಡ್ಡವರು ಮುಚ್ಚಿಡುತ್ತಿದ್ದಾರೆ ಎಂದುಕೊಂಡ ಒಬ್ಬ ಹುಡುಗ ಊಟ ಬಿಟ್ಟು ಅಳುತ್ತ ಕೂತನಂತೆ.

ನಾನೂ ಪ್ರಯತ್ನಿಸಿದೆ. “ಬಾ ಚಿನ್ನ,” ಅಂದೆ. ಮಂದಾರ ಅನುಮಾನದಿಂದ ಗೋಡೆ ನೋಡಿದಳು. ಎರಡು ದಿನ ನಡೆಸಿದೆ. ಮೂರನೆಯ ಸಂಜೆ ಮದುವೆ ಮನೆಯವರ ಸೀರೆಗಳ ಗಂಟು ಬಂತು. ಮತ್ತೆ ಈಗಲ್ಲ, ಮತ್ತೆ ಆಚೆ ಹೋಗು.

ಆದರೆ ಗೋಡೆಗಿಂತ ದೊಡ್ಡ ತೊಂದರೆ ಬೇರೆಯಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ನನ್ನ ಬಳಿ ಗುಣವೇ ಇರಲಿಲ್ಲ. ಮಂದಾರ ಒಳ್ಳೆಯ ಹುಡುಗಿ, ನಿಜ. ಜಗಳವಾಡುವುದಿಲ್ಲ, ತಟ್ಟೆ ತೊಳೆದಿಡುತ್ತಾಳೆ, ಎಲ್ಲರಿಗೂ ಗೊತ್ತು. ನನಗಷ್ಟೇ ಗೊತ್ತಿರುವುದು ಯಾವುದು? ಯೋಚಿಸಿದಷ್ಟೂ ಅವಳ ಬೆನ್ನು ಕಣ್ಣಿಗೆ ಬರುತ್ತಿತ್ತು, ಅಂಗಳಕ್ಕೆ ಹೋಗುತ್ತಿರುವ ಬೆನ್ನು. ಕೊನೆಗೆ ನಾಚಿಕೆ ಬಿಟ್ಟು ತುಂಗಜ್ಜಿಯನ್ನೇ ಕೇಳಿದೆ. ಸಂಜೆಯೆಲ್ಲ ಅವಳನ್ನು ನೋಡುವವರು ಅವರೇ ತಾನೆ.

“ಗೊತ್ತು. ಒಂದಲ್ಲ, ಬೇಕಾದಷ್ಟು ಗೊತ್ತು,” ಅಂದರು ಅಜ್ಜಿ.

“ಒಂದು ಹೇಳಿ ಅಜ್ಜಿ.”

“ನಾ ಹೇಳಿದ್ರೆ ಅದು ನಂಗೊತ್ತಿರೋದಾಯ್ತು. ನೀ ಹೆತ್ತೋಳು. ನೋಡ್ಕೊ ಹೋಗು.”

ನೋಡತೊಡಗಿದೆ. ಹೊಸದಾಗಿ ಬಂದ ಸೀರೆಗಳನ್ನು ವಾಪಸು ಕಳಿಸಿದೆ. ಅವಳು ತಿನ್ನುವಾಗ ನೋಡಿದೆ, ತಲೆ ಬಾಚಿಕೊಳ್ಳುವಾಗ ನೋಡಿದೆ. “ಏನಮ್ಮ?” ಅನ್ನುತ್ತಿದ್ದಳು. “ಏನಿಲ್ಲ,” ಅನ್ನುತ್ತಿದ್ದೆ. ಹೀಗೆ ನೋಡಿದರೆ ಗುಣ ಎಲ್ಲಿಂದ ಕಾಣಬೇಕು? ಅವಳು ಪರೀಕ್ಷೆಗೆ ಕೂತವಳಂತೆ ಬಿಗಿಯಾಗಿ ಬಿಡುತ್ತಿದ್ದಳು.

ಸಿಕ್ಕಿದ್ದು ಒಂದು ಬೆಳಗ್ಗೆ, ನಾನು ಹುಡುಕದೇ ಇದ್ದಾಗ. ಸ್ನಾನಕ್ಕೆ ಹೋದವಳು ಟವೆಲ್ ಮರೆತು ವಾಪಸು ಬಂದೆ. ಮಂದಾರ ಕಿಟಕಿಯ ಬೆಳಕಿಗೆ ಹತ್ತಿರ ಕೂತು, ನಾಲಿಗೆಯ ತುದಿ ಹೊರಗೆ ಹಾಕಿ, ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದಾದ ಮೇಲೆ ಒಂದು. ಆ ದಿನ ಹೊಲಿಯಬೇಕಾದ ಸೀರೆಗಳ ಬಣ್ಣ ನೋಡಿ, ಅದೇ ಬಣ್ಣದ ದಾರ. ಪೋಣಿಸಿದ ಸೂಜಿಗಳನ್ನು ನನ್ನ ಸೂಜಿದಿಂಬಿಗೆ ಚುಚ್ಚಿ, ದಾರ ಗೋಜಲಾಗದಂತೆ ಸುತ್ತಿ ಇಡುತ್ತಿದ್ದಳು. ನಾನು ಸದ್ದು ಮಾಡದೆ ಹಿಂದೆ ಸರಿದೆ.

ನನಗೆ ಚಾಳೀಸು ಬಂದು ಎಷ್ಟೋ ಕಾಲವಾಯಿತು. ಸೂಜಿಯ ಕಣ್ಣು ಕಾಣುವುದಿಲ್ಲ. ಆದರೆ ಸಂಜೆ ಹೊಲಿಗೆಗೆ ಕೂತಾಗ ಪೋಣಿಸಿದ ಸೂಜಿ ಕೈಗೆ ಸಿಗುತ್ತಿತ್ತು. ಹಿಂದಿನ ದಿನ ನಾನೇ ಪೋಣಿಸಿಟ್ಟಿರಬೇಕು, ಆಯಾಸದಲ್ಲಿ ಮರೆತಿದ್ದೇನೆ ಎಂದುಕೊಳ್ಳುತ್ತಿದ್ದೆ. ಇದು ಯಾವಾಗಿನಿಂದ ನಡೆದಿದೆಯೋ. ಆ ಸೂಜಿಯನ್ನು ಕೈಯಲ್ಲಿ ಹಿಡಿದೇ ತಾನೆ ನಾನು ಅವಳಿಗೆ, ಕೈಲಿ ಕೆಲಸ ಇರೋದು ಕಾಣಲ್ವಾ, ಅಂದಿದ್ದು. ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವುದನ್ನೂ ಬಿಟ್ಟು ಕೂತೆ.

ಇದನ್ನೇ ಹೇಳುವುದೆಂದು ತೀರ್ಮಾನಿಸಿದೆ. ಗೋಡೆಗೆ ಸಿಗದಂತೆ ಮನೆಯೊಳಗೆ ಒಮ್ಮೆಯೂ ಬಾಯಿಬಿಡಲಿಲ್ಲ. ಕಚೇರಿಗೆ ಹೋಗುವ ದಾರಿಯಲ್ಲಿ, ಬಯಲಿನಲ್ಲಿ, ಹೇಳಿ ಹೇಳಿ ನೋಡಿಕೊಂಡೆ. ಗೋಡೆಯ ಮೇಲೆ ಹಳೆಯ ಮಾತು ಬಂದರೆ ಬರಲಿ. ಎಲ್ಲರೂ ಓದಲಿ, ನನ್ನ ಮಾನ ಹೋಗಲಿ. ಅದರ ಮೇಲೆಯೇ ನಿಂತು ನನ್ನ ಮಾತು ಹೇಳುತ್ತೇನೆ. ಅಷ್ಟಕ್ಕೆ ಗಟ್ಟಿಯಾಗಿದ್ದೆ.

ಆ ದಿನ ಶಾಲೆಯ ಹಾಲು ಜನರಿಂದ ತುಂಬಿತ್ತು. ಮೊದಲು ಬಂದ ಕೆಲವರ ಹಿಂದೆ ಗೋಡೆ ಚಿನ್ನ, ರನ್ನ ಎಂದು ಬರೆಯಿತು. ಅವರು ಸಮಾಧಾನದಿಂದ ತಲೆಯಾಡಿಸಿದರು, ಗೋಡೆ ಹೇಳಿತು, ಇಳಿದು ಹೋದರು. ಅವರ ಮಕ್ಕಳಿಗೆ ಖುಷಿಯಾಯಿತೋ ಇಲ್ಲವೋ ತಿಳಿಯಲಿಲ್ಲ. ಹಂಪಣ್ಣನ ಕಿರಿಮಗಳದ್ದೂ ಅದೇ ತರಗತಿ. ಅವನು ನಿಂತಾಗ ಗೋಡೆ, ‘ಕೋತಿಮುಂಡೇದೇ, ಸ್ಪ್ಯಾನರ್ ಎಲ್ಲಿಟ್ಟೆ?’ ಎಂದು ಬರೆಯಿತು. ಹಾಲೆಲ್ಲ ನಕ್ಕಿತು. ಅವನೂ ತಿರುಗಿ ನೋಡಿ ನಕ್ಕ. “ಹೂಂ, ದಿನಾ ಅನ್ನೋದು ಅದೇಯ. ಈಗ ದಿನಾ ಅನ್ನದೇ ಇರೋದು ಹೇಳ್ತೀನಿ ಕೇಳ್ರಪ್ಪ,” ಅಂದು, ಅವಳು ಬೆಕ್ಕಿನ ಮರಿಗಳಿಗೆ ಗಾಳಿ ಬೀಳದ ಹಾಗೆ ಬೀರುವಿನ ಸಂದಿಗೆ ತನ್ನ ಸ್ವೆಟರ್ ತುರುಕಿ, ಚಳಿಯಲ್ಲಿ ಹಾಗೇ ಶಾಲೆಗೆ ಬಂದದ್ದನ್ನು ಹೇಳಿದ. ನನಗೆ ಧೈರ್ಯ ಬಂತು. ಇಷ್ಟೇ ತಾನೆ ಎನಿಸಿತು.

ಮಂದಾರಳ ಹೆಸರು ಕರೆದರು. ಅವಳು ಎರಡು ಜಡೆಗೂ ಹೊಸ ರಿಬ್ಬನ್ ಕಟ್ಟಿಕೊಂಡಿದ್ದಳು. ವೇದಿಕೆ ಹತ್ತಿ, ಅವಳ ತಲೆಯ ಮೇಲೆ ಕೈಯಿಟ್ಟೆ. ಎಣ್ಣೆ ಹಚ್ಚಿದ ಕೂದಲು ಬೆಚ್ಚಗಿತ್ತು. ಬೆನ್ನ ಹಿಂದೆ ಏನು ಮೂಡಿತೆಂದು ತಿರುಗಿ ನೋಡುವ ಅಗತ್ಯವಿರಲಿಲ್ಲ, ಎದುರಿನವರ ಮುಖದಲ್ಲೇ ಓದಿದೆ. ಮುಂದಿನ ಸಾಲಿನಲ್ಲಿದ್ದ ತುಂಗಜ್ಜಿ ಕಣ್ಣು ತಗ್ಗಿಸಿದರು. ಈ ಸಲ ಯಾರೂ ನಗಲಿಲ್ಲ. ಇರಲಿ, ಅಂದುಕೊಂಡೆ. ಉಸಿರು ಎಳೆದುಕೊಂಡೆ. ‘ನಮ್ಮನೇಲಿ ಸೂಜಿಗೆ ದಾರ ಪೋಣಿಸೋದು ಯಾರು ಗೊತ್ತಾ’ ಎಂಬುದು ನನ್ನ ಮೊದಲ ಮಾತು. ಅದು ನಾಲಿಗೆಯ ತುದಿಯಲ್ಲಿತ್ತು.

ಹೆಡ್‌ಮಿಸ್ ವಿಮಲಾಕ್ಷಿ ಪಕ್ಕದಲ್ಲಿ ಬಂದು, ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. “ಶುರು ಮಾಡ್ತೀರಾ ಪಂಕಜಮ್ಮ?”

ನಾನು ತಲೆಯಾಡಿಸಿದೆ.

ಆಡಿಸಿದ ಮೇಲೆ ಗೊತ್ತಾಯಿತು. ತಡೆಯಲು ಬಾಯಿ ತೆರೆದೆ, ಅಷ್ಟರಲ್ಲಿ ಹಾಲಿನ ನಾಲ್ಕೂ ಕಡೆಯಿಂದ ನನ್ನ ದನಿ ಬಂತು. ದಣಿದ, ಸಿಡುಕಿನ, ಸಂಜೆಯ ದನಿ. “ಈಗಲ್ಲ. ಕೈಲಿ ಕೆಲಸ ಇರೋದು ಕಾಣಲ್ವಾ? ಆಚೆ ಹೋಗು.”

ನನ್ನ ಅಂಗೈಯ ಕೆಳಗಿನಿಂದ ತಲೆ ಜಾರಿತು. ಮಂದಾರ ವೇದಿಕೆಯಿಂದ ಇಳಿದಳು, ಸಾಲುಗಳ ನಡುವೆ ನಡೆದಳು, ಬಾಗಿಲು ದಾಟಿ ಹೊರಗೆ ಹೋದಳು. ಓಡಲಿಲ್ಲ, ಅಳಲಿಲ್ಲ. ಮನೆಯಲ್ಲಿ ಹೋಗುವ ಹಾಗೆಯೇ ಹೋದಳು. ನನ್ನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಊರಿನ ಜನ ಆ ಕೈಯನ್ನು ನೋಡಿದರು. ಅದನ್ನು ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ.

“ಮಗೂನ ಕರ್ಕೊಂಡು ಬನ್ನಿ, ಕಾಯ್ತೀವಿ,” ಅಂದರು ಹೆಡ್‌ಮಿಸ್. ಕೆಳಗಿಳಿದು ಬಾಗಿಲವರೆಗೆ ಹೋಗುವಾಗ ಜನ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಯಾರೂ ನನ್ನ ಮುಖ ನೋಡಲಿಲ್ಲ. ಅವರ ಮನೆಗಳಲ್ಲೂ ಗೋಡೆಗಳಿವೆ.

ಮಂದಾರ ನಲ್ಲಿಯ ಹತ್ತಿರ ನಿಂತು ರಿಬ್ಬನ್ ಬಿಚ್ಚುತ್ತಿದ್ದಳು.

“ಬಾರೇ, ಮತ್ತೆ ಹೋಗೋಣ. ಅದು ನಾನಲ್ಲ, ತಲೆ ಆಡಿಬಿಡ್ತು. ಅವರು ಕೇಳಿದ್ರಲ್ಲ, ಅದಕ್ಕೆ.”

“ಗೊತ್ತಮ್ಮ.”

“ಮತ್ಯಾಕೆ ಇಳ್ದು ಬಂದೆ?”

“ನೀನು ಹಂಗಂದ್ರೆ ಕಾಲು ತಾನಾಗೇ ಹೋಗತ್ತೆ.” ಬಿಚ್ಚಿದ ರಿಬ್ಬನ್ನನ್ನು ಬೆರಳಿಗೆ ಸುತ್ತಿದಳು. “ಒಳಗೆ ಬೇಡ. ಎಲ್ರೂ ನನ್ನೇ ನೋಡ್ತಾರೆ. ಮನೆಗೆ ಹೋಗೋಣ.”

ಎರಡು ಸಲ ಕೇಳಿದೆ. ಕೈ ಹಿಡಿದು ಎಳೆದೆ ಕೂಡ. ಅವಳು ನಲ್ಲಿಯ ಕಂಬ ಹಿಡಿದುಕೊಂಡಳು. ಹಾಲಿನೊಳಗೆ ಮುಂದಿನ ಮಗುವಿನ ಹೆಸರು ಕರೆದದ್ದು ಕೇಳಿಸಿತು. ಆಮೇಲೆ ನಾನೂ ಎಳೆಯಲಿಲ್ಲ.

ಬಯಲು ದಾಟುವಾಗ ಹೇಳಿದೆ. ಸೂಜಿಯ ವಿಷಯ, ಟವೆಲ್ ಮರೆತ ಬೆಳಗ್ಗೆ, ದಾರದ ಬಣ್ಣ, ಎಲ್ಲ. ಹಾಲಿನಲ್ಲಿ ಹೇಳಬೇಕೆಂದು ಕಟ್ಟಿಕೊಂಡಿದ್ದ ಹಾಗೆಯೇ ಮೊದಲಿಂದ ಕೊನೆಯವರೆಗೆ ಹೇಳಿದೆ. ಅವಳು ನಡೆಯುತ್ತಲೇ ಕೇಳಿದಳು. ಮುಗಿದ ಮೇಲೆ “ಚೆನ್ನಾಗಿದೆ ಅಮ್ಮ,” ಅಂದಳು. ಹಿಂದೆ ತಿರುಗಿ ಬಯಲನ್ನೊಮ್ಮೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಎಲ್ಲರ ಮುಂದೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಎಲ್ಲರ ಮುಂದೆ ಹೇಳಲಿಲ್ಲ.